ಮಕ್ಕಳ ಫುಟ್‌ಬಾಲ್: ದಾಳಿ ಮತ್ತು ರಕ್ಷಣೆ ಕಲಿಸುವ ಆಟಗಳನ್ನು ಯಾವ ಕ್ರಮದಲ್ಲಿ ಆಡಿಸಬೇಕು?

ಶಾಲೆಯ ಪಿಟಿ ಮೇಷ್ಟ್ರುಗಳಿರಲಿ, ಭಾನುವಾರ ಬೆಳಿಗ್ಗೆ ಬಡಾವಣೆಯ ಮಕ್ಕಳನ್ನು ಮೈದಾನಕ್ಕೆ ಕರೆದೊಯ್ಯುವ ಅಪ್ಪ-ಅಮ್ಮಂದಿರಿರಲಿ, ದೂರು ಹೆಚ್ಚುಕಡಿಮೆ ಒಂದೇ. ಮೊದಲ ಐದು ನಿಮಿಷ ಆಟ ಚೆನ್ನಾಗಿ ನಡೆಯುತ್ತದೆ. ಆಮೇಲೆ ಎಲ್ಲರೂ ಚೆಂಡಿನ ಮೇಲೆ ಮುಗಿಬೀಳುತ್ತಾರೆ, ಜೋರಿರುವ ಇಬ್ಬರು ಮಾತ್ರ ಆಡುತ್ತಾರೆ, ಉಳಿದವರು ಸೊಂಟಕ್ಕೆ ಕೈಯಿಟ್ಟು ನೋಡುತ್ತಾರೆ. ದಾಳಿ ಎಂದರೆ ತಲೆ ತಗ್ಗಿಸಿಕೊಂಡು ಓಡುವುದು, ರಕ್ಷಣೆ ಎಂದರೆ ಸಿಕ್ಕ ಚೆಂಡನ್ನು ಸಿಕ್ಕತ್ತ ಒದೆಯುವುದು ಎಂಬಲ್ಲಿಗೆ ಬಂದು ನಿಲ್ಲುತ್ತದೆ.

ಆಟಗಳಿಗೇನೂ ಕೊರತೆಯಿಲ್ಲ, ಯೂಟ್ಯೂಬ್ ತೆರೆದರೆ ರಾಶಿ ಸಿಗುತ್ತವೆ. ಎಡವುವುದು ಎರಡು ಕಡೆ. ಒಂದು, ಕ್ರಮ: ಒಬ್ಬ ಎದುರಾಳಿಯನ್ನೇ ದಾಟಲು ಬಾರದ ಮಗುವನ್ನು ನೇರ ಏಳು ಮಂದಿಯ ಮ್ಯಾಚಿಗೆ ಇಳಿಸುತ್ತೇವೆ. ಎರಡು, ಆಟ ಕೆಟ್ಟಾಗ ಅಂಚಿನಲ್ಲಿ ನಿಂತು ಕೂಗುತ್ತೇವೆ. ಕೂಗಿದ್ದು ಮಕ್ಕಳ ಕಿವಿಗೆ ಬಿದ್ದರೂ ಕಾಲಿಗೆ ಇಳಿಯುವುದಿಲ್ಲ. ಆ ಹೊತ್ತಿಗೆ ಮಾಡಬೇಕಾದ ಕೆಲಸ ಬೇರೆ: ಜಾಗ, ಆಟಗಾರರ ಸಂಖ್ಯೆ, ಅಂಕ ಕೊಡುವ ರೀತಿ, ಈ ಮೂರರಲ್ಲಿ ಒಂದನ್ನು ಬದಲಿಸುವುದು. ಕೆಳಗಿನ ಏಳು ಹಂತಗಳೂ ನಿಂತಿರುವುದು ಈ ಮೂರು ಹಿಡಿಕೆಗಳ ಮೇಲೆ. ಸುಮಾರು 8ರಿಂದ 12 ವರ್ಷದ, 12ರಿಂದ 16 ಮಕ್ಕಳ ಗುಂಪನ್ನು ಮನಸ್ಸಿನಲ್ಲಿಟ್ಟುಕೊಂಡು ಬರೆದಿದ್ದೇನೆ.

## ಮಕ್ಕಳು ಬರುವ ಮುನ್ನ

ಚೆಂಡು. ಇಬ್ಬರಿಗೆ ಒಂದಾದರೂ ಬೇಕು. 16 ಮಕ್ಕಳಿಗೆ ಎರಡೇ ಚೆಂಡು ಇದ್ದರೆ ಈ ಮಾರ್ಗದರ್ಶಿಯ ಅರ್ಧ ಭಾಗ ಕೆಲಸಕ್ಕೆ ಬಾರದು. ಮೊದಲು ಚೆಂಡಿಗೆ ದುಡ್ಡು ಹೊಂದಿಸಿ, ಜರ್ಸಿ ಆಮೇಲೆ ನೋಡೋಣ. 8 ವರ್ಷದೊಳಗಿನವರಿಗೆ 3ನೇ ಸೈಜ್, ಅಲ್ಲಿಂದ 12ರವರೆಗೆ 4ನೇ ಸೈಜ್. ದೊಡ್ಡವರು ಆಡುವ 5ನೇ ಸೈಜ್ ಚೆಂಡಿನ ತೂಕ 410ರಿಂದ 450 ಗ್ರಾಂ. ಒಂಬತ್ತು ವರ್ಷದ ಕಾಲಿಗೆ ಅದನ್ನು ಕೊಟ್ಟರೆ ಮಗು ಪಾದದ ತುದಿಯಿಂದ ಗುದ್ದುವುದನ್ನು ಕಲಿಯುತ್ತದೆ, ಪಾಸ್ ಮಾಡುವುದನ್ನು ಅಲ್ಲ. ಗಟ್ಟಿ ಕೆಮ್ಮಣ್ಣಿನ ಮೈದಾನವಾದರೆ ಗಾಳಿ ಸ್ವಲ್ಪ ಕಡಿಮೆ ಇರಲಿ, ಪುಟಿತ ತಗ್ಗುತ್ತದೆ.

ಗುರುತು. ಚಪ್ಪಟೆ ಕೋನ್‌ಗಳು ಸಿಕ್ಕರೆ ಉತ್ತಮ. ಇಲ್ಲದಿದ್ದರೆ ಅರ್ಧ ಮರಳು ತುಂಬಿದ ನೀರಿನ ಬಾಟಲಿ ಸಾಕು. ಇಟ್ಟಿಗೆ, ಕಲ್ಲು ಬೇಡವೇ ಬೇಡ. ಗೆರೆಗೆ ಚಾಕ್ ಪುಡಿ ಬಳಸಿ. ಗೋಡೆಗೆ ಬಳಿಯುವ ಸುಣ್ಣ ಕಣ್ಣಿಗೆ ಬಿದ್ದರೆ ಸುಡುತ್ತದೆ, ಮಕ್ಕಳು ಬೀಳುವ ಜಾಗಕ್ಕೆ ಅದು ಸಲ್ಲದು.

ಬಣ್ಣ. ಎರಡು ಬಣ್ಣದ ಬಿಬ್ (ಅಂಗಿಯ ಮೇಲೆ ತೊಡುವ ತೋಳಿಲ್ಲದ ಬನಿಯನ್) ಬೇಕು, ಮೇಲೆ ಒಂದೆರಡು ಮೂರನೇ ಬಣ್ಣದವು. ಕೈಗೆ ರಿಬ್ಬನ್ ಕಟ್ಟಿದರೆ ಸಾಲದು. ಚೆಂಡಿನಿಂದ ತಲೆ ಎತ್ತಿದ ಅರೆಕ್ಷಣದಲ್ಲಿ ನಮ್ಮವರು ಯಾರೆಂದು ತಿಳಿಯದಿದ್ದರೆ ಮಗು ಮತ್ತೆ ತಲೆ ತಗ್ಗಿಸುತ್ತದೆ.

ಕಾಲು. ಎಲ್ಲರೂ ಬರಿಗಾಲು, ಇಲ್ಲವೇ ಎಲ್ಲರೂ ಶೂ. ಬರಿಗಾಲಿನವರ ನಡುವೆ ಸ್ಟಡ್ ಬೂಟಿನ ಒಬ್ಬರಿದ್ದರೂ ಉಳಿದವರು ಭಯದಿಂದ ಕಾಲು ಹಿಂದೆಳೆದುಕೊಳ್ಳುತ್ತಾರೆ.

ನಕ್ಷೆ. ಪ್ರತಿ ಆಟಕ್ಕೂ ಕೋನ್ ಎತ್ತಿ ಇಡುತ್ತಾ ಕೂತರೆ ಒಂದು ಗಂಟೆಯಲ್ಲಿ ಕಾಲು ಗಂಟೆ ಅದಕ್ಕೇ ಹೋಗುತ್ತದೆ. ಒಂದೇ ನಕ್ಷೆ ಹಾಕಿ, ಅದರಲ್ಲೇ ಎಲ್ಲ ಹಂತಗಳನ್ನೂ ಆಡಿಸಬಹುದು. 12 ಮಕ್ಕಳಿದ್ದರೆ 24 ದೊಡ್ಡ ಹೆಜ್ಜೆ ಉದ್ದ, 20 ಹೆಜ್ಜೆ ಅಗಲದ ಆಯತ. ಉದ್ದವನ್ನು ಮೂರು ಪಾಲು, ಅಗಲವನ್ನು ಎರಡು ಪಾಲು ಮಾಡಿ. 8 ಹೆಜ್ಜೆಗೆ 10 ಹೆಜ್ಜೆಯ ಆರು ಅಂಕಣಗಳಾದವು. ಬೇಕಾದ ಕೋನ್ 12. ಮಕ್ಕಳು 16 ಇದ್ದರೆ ಉದ್ದಕ್ಕೆ ಇನ್ನೊಂದು ಪಾಲು ಸೇರಿಸಿ: ಎಂಟು ಅಂಕಣ, 15 ಕೋನ್. ಒಂದು ಅಂಕಣಕ್ಕೆ ಒಂದು ಜೋಡಿ. ಎರಡು ಅಂಕಣ ಸೇರಿಸಿದರೆ 20 ಹೆಜ್ಜೆಯ ಉದ್ದನೆಯ ಪಟ್ಟಿ. ಇಡೀ ಆಯತವನ್ನು ಮಧ್ಯದಲ್ಲಿ ಕತ್ತರಿಸಿದರೆ ಎರಡು ಪುಟ್ಟ ಮೈದಾನ.

## ಹಂತ 1: ಚೆಂಡು ಕಾಲಿನ ಹತ್ತಿರ, ಕಣ್ಣು ಮೇಲೆ

ಮೈ ಬಿಸಿಗೆ ಮೂರು ನಿಮಿಷ ಕೆರೆ-ದಡ ಆಡಿಸಿ, ಆದರೆ ಚೆಂಡಿನ ಜೊತೆ. ಮಕ್ಕಳು ಗೆರೆಯ ಹಿಂದೆ ಚೆಂಡನ್ನು ಕಾಲಡಿ ಇಟ್ಟುಕೊಂಡು ನಿಲ್ಲಲಿ. "ಕೆರೆ" ಎಂದಾಗ ಅಂಗಾಲಿನಿಂದ ಚೆಂಡನ್ನು ಗೆರೆಯಾಚೆ ಉರುಳಿಸಬೇಕು, "ದಡ" ಎಂದಾಗ ಎಳೆದುಕೊಳ್ಳಬೇಕು. "ಕೆರೆ, ಕೆರೆ" ಎಂದು ಮೋಸ ಮಾಡುವುದು ನಿಮ್ಮ ಕೆಲಸ. ನಿಯಮ ವಿವರಿಸುವ ಗೋಜೇ ಇಲ್ಲ, ಎಲ್ಲರಿಗೂ ಗೊತ್ತಿರುವ ಆಟ. ಚೆಂಡು ಇಬ್ಬರಿಗೊಂದಿದ್ದರೆ ಪ್ರತಿ ಹತ್ತು ಕರೆಗೆ ಜೊತೆಗಾರರ ಕಾಲಿಗೆ ಹೋಗಲಿ.

ಆಮೇಲೆ ನಡೆದಾಡುವ ಬಾಗಿಲು. ಅರ್ಧ ಮಕ್ಕಳಿಗೆ ಚೆಂಡು. ಉಳಿದರ್ಧ ಇಬ್ಬಿಬ್ಬರಾಗಿ ಕೈ ಹಿಡಿದು, ತೋಳು ಚಾಚಿ, ಆಯತದ ತುಂಬ ನಿಧಾನ ನಡೆಯುತ್ತಿರಲಿ. ಇವರೇ ಬಾಗಿಲು. ಚೆಂಡು ಇರುವವರು ಒಂದು ನಿಮಿಷದಲ್ಲಿ ಎಷ್ಟು ಬಾಗಿಲು ದಾಟಿದರು ಎಂದು ತಾವೇ ಎಣಿಸಿಕೊಳ್ಳಲಿ, ಒಂದೇ ಬಾಗಿಲನ್ನು ಬೆನ್ನುಬೆನ್ನಿಗೆ ದಾಟುವಂತಿಲ್ಲ. ನೆಟ್ಟ ಕೋನ್‌ಗಿಂತ ನಡೆಯುವ ಬಾಗಿಲು ಮೇಲು, ಏಕೆಂದರೆ ಅದು ಎಲ್ಲಿದೆಯೆಂದು ನೋಡಲು ತಲೆ ಎತ್ತಲೇಬೇಕು. ಎರಡು ಸುತ್ತಾದ ಮೇಲೆ ಒಂದು ಬಾಗಿಲನ್ನು ಬಿಡಿಸಿ, ಆ ಇಬ್ಬರನ್ನು ಪೊಲೀಸ್ ಮಾಡಿ. ಅವರು ಚೆಂಡು ಕಸಿದರೆ ಕಳೆದುಕೊಂಡವರು ಪೊಲೀಸ್. ಔಟಾಗಿ ಹೊರಗೆ ಕೂರುವುದು ಈ ಆಟದಲ್ಲಿ ಇಲ್ಲ; ಕಲಿಯಬೇಕಾದ ಮಗುವೇ ಮೊದಲು ಔಟಾಗುತ್ತದೆ, ಕೂತು ಕಲಿಯುವುದೇನಿದೆ?

*ಎಚ್ಚರಿಕೆಯ ಗುರುತು:* ಚೆಂಡನ್ನು ದೂರ ಒದ್ದು ಹಿಂದೆ ಓಡುವ ಮಕ್ಕಳು ಮೂರಕ್ಕಿಂತ ಹೆಚ್ಚಿದ್ದರೆ ಜಾಗ ದೊಡ್ಡದಾಗಿದೆ. ಒಂದು ಪಾಲು ಕತ್ತರಿಸಿ. ಎಲ್ಲರೂ ಡಿಕ್ಕಿ ಹೊಡೆಯುತ್ತಿದ್ದರೆ ಹಿಗ್ಗಿಸಿ.

## ಹಂತ 2: ಒಬ್ಬರಿಗೊಬ್ಬರು, ಮೇಲುಗೈ ದಾಳಿಗೆ

ಪ್ರತಿ ಅಂಕಣಕ್ಕೆ ಒಂದು ಜೋಡಿ, ಒಂದು ಚೆಂಡು. 10 ಹೆಜ್ಜೆ ದೂರದ ಎರಡು ಗೆರೆಗಳಲ್ಲಿ ಎದುರುಬದುರು ನಿಲ್ಲಲಿ. ಡಿಫೆಂಡರ್ ಚೆಂಡನ್ನು ಪಾಸ್ ಮಾಡಿ, ಬಗ್ಗಿ ತನ್ನ ಗೆರೆಯನ್ನು ಕೈಯಿಂದ ಮುಟ್ಟಿ, ಆಮೇಲೆ ಮುಂದೆ ಬರಬೇಕು. ಅಟ್ಯಾಕರ್ ಚೆಂಡನ್ನು ಎದುರಿನ ಗೆರೆಯ ಮೇಲೆ ಅಂಗಾಲಿನಿಂದ ನಿಲ್ಲಿಸಿದರೆ ಒಂದು ಅಂಕ. ಗೋಲ್ ಇಲ್ಲ, ಶೂಟ್ ಇಲ್ಲ. ಗೋಲ್ ಇಟ್ಟ ಕೂಡಲೇ ಮಕ್ಕಳು ದೂರದಿಂದ ಒದೆಯತೊಡಗುತ್ತಾರೆ, ದಾಟುವ ಪ್ರಯತ್ನವನ್ನೇ ಬಿಡುತ್ತಾರೆ.

ಗೆರೆ ಮುಟ್ಟುವ ನಿಯಮ ಡಿಫೆಂಡರನ್ನು ಅರೆಕ್ಷಣ ತಡಮಾಡುತ್ತದೆ. ಆ ಅರೆಕ್ಷಣ ಅಟ್ಯಾಕರ್‌ಗೆ ಕೊಟ್ಟ ಸಾಲ. ಮೊದಲ ಕೆಲವು ಸಲ ದಾಟಿದ ರುಚಿ ಸಿಗದಿದ್ದರೆ ಅಳುಕಿನ ಮಗು ಮತ್ತೆಂದೂ ಎದುರಾಳಿಯ ಮೇಲೆ ನುಗ್ಗುವುದಿಲ್ಲ. ದಾಳಿಯನ್ನು ಮೊದಲು ಕಲಿಸಿ ರಕ್ಷಣೆಯನ್ನು ಆಮೇಲೆ ಇಡುವುದು ಇದಕ್ಕೇ.

ಕಲಿಸಬೇಕಾದ್ದು ಒಂದೇ ಒಂದು ತಿರುವು. ಬಲಗಾಲಿನವರಿಗೆ ಹೀಗೆ ತೋರಿಸಿ: ಎಡಗಾಲನ್ನು ಚೆಂಡಿನ ಎಡಕ್ಕೆ ಅಗಲವಾಗಿ ಊರಿ, ಎಡ ಭುಜ ಬಗ್ಗಿಸಿ. ಡಿಫೆಂಡರ್ ಮೈಭಾರ ಅತ್ತ ವಾಲಿದ್ದೇ ತಡ, ಬಲಗಾಲಿನ ಹೊರಬದಿಯಿಂದ ಚೆಂಡನ್ನು ಬಲಕ್ಕೆ ತಳ್ಳಿ, ಮುಂದಿನ ಮೂರು ಹೆಜ್ಜೆ ಜೋರಾಗಿ. ತಿರುವಿಗಿಂತ ಆ ಮೂರು ಹೆಜ್ಜೆ ಮುಖ್ಯ. ಟೀವಿಯಲ್ಲಿ ನೋಡಿದ ಐದು ಬಗೆಯ ಕಾಲ್ಚಳಕ ಮಾಡಿ ನಿಂತಲ್ಲೇ ನಿಲ್ಲುವವರು ಪ್ರತಿ ಗುಂಪಿನಲ್ಲೂ ಒಬ್ಬರಿರುತ್ತಾರೆ. ಅವರಿಗೆ "ಚೆಂದ ಇದೆ, ಆಮೇಲೆ ಎಲ್ಲಿಗೆ?" ಎಂದು ಕೇಳಿ, ಸಾಕು.

*ಸಾಮಾನ್ಯ ತಪ್ಪು:* ತಿರುವನ್ನು ಡಿಫೆಂಡರ್ ಕಾಲಿನ ಬುಡದಲ್ಲಿ ಶುರುಮಾಡುವುದು. ಎರಡು ಹೆಜ್ಜೆ ದೂರ ಇರುವಾಗಲೇ ಶುರುವಾಗಬೇಕು. ಅಂಕಣದ ಮಧ್ಯೆ ಅಡ್ಡಗೆರೆ ಎಳೆದು, "ಈ ಗೆರೆಗೆ ಮುಂಚೆ ಭುಜ ಬಗ್ಗಿಸು" ಎಂದರೆ ಸರಿಹೋಗುತ್ತದೆ.

ನಾಲ್ಕು ಸಲಕ್ಕೆ ಪಾತ್ರ ಬದಲು, ಎಂಟು ಸಲಕ್ಕೆ ಜೋಡಿ ಬದಲು. ಗೆದ್ದವರು ಒಂದು ಅಂಕಣ ಮೇಲಕ್ಕೆ, ಸೋತವರು ಕೆಳಕ್ಕೆ ಸರಿಯುತ್ತಾ ಹೋದರೆ ಸ್ವಲ್ಪ ಹೊತ್ತಿನಲ್ಲಿ ಸಮಬಲದವರು ತಾವಾಗಿಯೇ ಎದುರಾಗುತ್ತಾರೆ. ಈ ವಿಂಗಡಣೆ ಮುಂದಿನ ಹಂತಗಳಿಗೂ ಬರುತ್ತದೆ.

## ಹಂತ 3: ಒಬ್ಬರಿಗೊಬ್ಬರು, ಈಗ ರಕ್ಷಣೆಯ ಸರದಿ

ಹೆಚ್ಚಿನವರು ಸೋಲುವುದು ಇಲ್ಲಿ, ಆದ್ದರಿಂದ ಇಲ್ಲಿ ಅವಸರ ಬೇಡ. ರಕ್ಷಣೆ ಮಕ್ಕಳಿಗೆ ಬೇಸರ ಎಂಬ ಮಾತಿದೆ. ನನ್ನ ಮಟ್ಟಿಗೆ ಅದು ಅಂಕದ ತಪ್ಪು, ಮಕ್ಕಳದ್ದಲ್ಲ. ದಾಟಿದರೆ ಅಂಕ, ತಡೆದರೆ ಸೊನ್ನೆ ಎಂದಿಟ್ಟರೆ ಯಾರು ತಡೆಯುತ್ತಾರೆ?

ಅಂಕಣ ಅದೇ, ಜೋಡಿ ಅದೇ, ನಿಯಮ ಬೇರೆ. ಡಿಫೆಂಡರ್ ಕಾಯುವ ಗೆರೆಯ ಎರಡೂ ಮೂಲೆಯಲ್ಲಿ ಎರಡು ಹೆಜ್ಜೆ ಅಗಲದ ಒಂದೊಂದು ಬಾಗಿಲು ಗುರುತು ಮಾಡಿ. ಅಟ್ಯಾಕರ್ ಯಾವುದಾದರೂ ಬಾಗಿಲಿನ ಮೂಲಕ ಚೆಂಡು ನಡೆಸಿಕೊಂಡು ಹೋದರೆ ಒಂದು ಅಂಕ. ಡಿಫೆಂಡರ್ ಚೆಂಡನ್ನು ಅಂಕಣದ ಹೊರಗೆ ತಳ್ಳಿದರೆ ಒಂದು. ಕಸಿದು ಎದುರಿನ ಗೆರೆವರೆಗೆ ಒಯ್ದರೆ ಮೂರು. ಗೆರೆ ಮುಟ್ಟುವ ನಿಯಮ ಈಗ ಇಲ್ಲ. ಹತ್ತು ಸೆಕೆಂಡ್ ದಾಟಿಸದೆ ಹಿಡಿದಿಟ್ಟರೂ ಡಿಫೆಂಡರ್‌ಗೆ ಒಂದು. ಹೊರಗಿನಿಂದ ನೀವೇ ಜೋರಾಗಿ ಎಣಿಸಿ.

ಕಲಿಸುವ ಕ್ರಮ ಹೀಗಿರಲಿ, ಒಂದು ಬಂದ ಮೇಲೆ ಇನ್ನೊಂದು:

1. ನುಗ್ಗು, ಆಮೇಲೆ ಬ್ರೇಕ್. ಚೆಂಡು ಹೋಗುತ್ತಿರುವಾಗ ಜೋರಾಗಿ ಓಡಬೇಕು, ಕೊನೆಯ ಮೂರು ಹೆಜ್ಜೆ ಚಿಕ್ಕಚಿಕ್ಕದಾಗಬೇಕು. ಜೋರಿನಲ್ಲೇ ಬಂದ ಡಿಫೆಂಡರನ್ನು ದಾಟಲು ಯಾವ ಚಳಕವೂ ಬೇಡ, ಚೆಂಡನ್ನು ಪಕ್ಕಕ್ಕೆ ಸರಿಸಿದರೆ ಮುಗಿಯಿತು.

2. ಓರೆಯಾಗಿ ನಿಲ್ಲು. ಒಂದು ಕಾಲು ಮುಂದೆ, ಮೊಣಕಾಲು ಬಾಗಿ, ಭಾರ ಮುಂಗಾಲ ಮೇಲೆ. ಚೆಂಡಿಗೆ ಒಂದೂವರೆ ಹೆಜ್ಜೆ ದೂರ. ನೇರ ನಿಂತವರ ಕಾಲುಗಳ ನಡುವೆ ಚೆಂಡು ಹೋಗುತ್ತದೆ, ತಿರುಗಿ ಓಡಲೂ ತಡವಾಗುತ್ತದೆ.

3. ಒಂದು ಬದಿ ಮುಚ್ಚು. ಎರಡೂ ಬಾಗಿಲನ್ನು ಒಟ್ಟಿಗೆ ಕಾಯಲಾಗದು. ಓರೆ ನಿಂತ ಮೈಯೇ ಒಂದನ್ನು ಮುಚ್ಚುತ್ತದೆ, ಇನ್ನೊಂದರ ಕಡೆಗೆ ತಾನೇ ಕರೆದೊಯ್ಯಬೇಕು. ಎದುರಾಳಿ ಬಲಗಾಲಿನವರಾದರೆ ಅವರ ಎಡಕ್ಕೆ.

4. ಕಾದು ನಿಲ್ಲು. ಚೆಂಡು ಎದುರಾಳಿಯ ಕಾಲಿನಿಂದ ಒಂದು ಗೇಣು ಹೆಚ್ಚು ದೂರ ಹೋದಾಗ ಮಾತ್ರ ಕಾಲು ಹಾಕಬೇಕು. ಕಬಡ್ಡಿಯಲ್ಲಿ ಕಾರ್ನರ್‌ನಲ್ಲಿ ನಿಂತವರು ರೈಡರ್ ಕಾಲು ಒಳಗಿಡುವ ತನಕ ಕಾಯುತ್ತಾರಲ್ಲ, ಹಾಗೆ. ಮೊದಲೇ ಎಗರಿದರೆ ರೈಡರ್ ಪಾಯಿಂಟ್ ತೆಗೆದುಕೊಂಡು ಹೋಗುತ್ತಾರೆ ಎಂಬುದು ನಮ್ಮ ಹಳ್ಳಿ ಮಕ್ಕಳಿಗೆ ಬಿಡಿಸಿ ಹೇಳಬೇಕಿಲ್ಲ.

ತಪ್ಪು ಎಲ್ಲಾಯಿತೆಂದು ಮಣ್ಣೇ ಹೇಳುತ್ತದೆ. ಒಣ ಮೈದಾನದಲ್ಲಿ ಡಿಫೆಂಡರ್ ಸೋತ ಜಾಗಕ್ಕೆ ಹೋಗಿ ಹೆಜ್ಜೆಗುರುತು ನೋಡಿ. ಎರಡು ಪಾದ ಪಕ್ಕಪಕ್ಕ, ಬೆರಳುಗಳು ಅಟ್ಯಾಕರ್ ಕಡೆ, ಹಿಮ್ಮಡಿ ಆಳವಾಗಿ ಊರಿದ್ದರೆ ನೇರ ನಿಂತಿದ್ದರು. ಉದ್ದಕ್ಕೆ ಜಾರಿದ ಒಂದೇ ಗೀಟು ಇದ್ದರೆ ಬ್ರೇಕ್ ಹಾಕಲಿಲ್ಲ. ಓರೆಯಾಗಿ, ಒತ್ತೊತ್ತಾಗಿ, ಮುಂಗಾಲಿನ ಗುರುತುಗಳು ಹಿಂದಕ್ಕೆ ಸರಿಯುತ್ತ ಹೋಗಿದ್ದರೆ ಎಲ್ಲ ಸರಿ ಮಾಡಿಯೂ ಸೋತಿದ್ದಾರೆ, ಬೆನ್ನು ತಟ್ಟಿ. ಮಗುವನ್ನೇ ಕರೆದು ಗುರುತು ತೋರಿಸಿದರೆ ಹತ್ತು ಮಾತಿನ ಕೆಲಸ ಒಂದು ನೋಟದಲ್ಲಿ ಆಗುತ್ತದೆ.

*ಕಡ್ಡಾಯ:* ನೆಲಕ್ಕೆ ಜಾರಿ ಕಸಿಯುವುದು ಈ ವಯಸ್ಸಿಗೆ, ಅದರಲ್ಲೂ ಗಟ್ಟಿ ನೆಲದಲ್ಲಿ, ನಿಷಿದ್ಧ. ಅಂಗಿ ಎಳೆದರೆ ಎದುರಾಳಿಗೆ ಎರಡು ಅಂಕ.

## ಹಂತ 4: ಇಬ್ಬರಿಗೆ ಒಬ್ಬರು

ಮೂವರಿಗೆ ಒಂದು ಅಂಕಣ. ಇಬ್ಬರು ದಾಳಿಗೆ, ಒಬ್ಬರು ರಕ್ಷಣೆಗೆ. ಗುರಿ ಮತ್ತೆ ಎದುರಿನ ಗೆರೆ. ಪಾಸ್ ಎಂಬುದು ಇಲ್ಲಿ ಮೊದಲ ಸಲ ಬರುತ್ತದೆ. ಅಲ್ಲಿಯವರೆಗೆ ಪಾಸ್ ಮಾಡಲು ಮಕ್ಕಳಿಗೆ ಕಾರಣವೇ ಇರಲಿಲ್ಲ.

ಸುಲಭದಂತೆ ಕಾಣುತ್ತದೆ, ಆದರೆ ಮೊದಲ ದಿನ ಅರ್ಧಕ್ಕಿಂತ ಹೆಚ್ಚು ಸಲ ದಾಳಿ ಕೆಡುತ್ತದೆ. ಕಾರಣ ಒಂದೇ, ಪಾಸ್ ಬೇಗ ಹೋಗಿಬಿಡುತ್ತದೆ. ಡಿಫೆಂಡರ್ ಇನ್ನೂ ಐದು ಹೆಜ್ಜೆ ದೂರವಿರುವಾಗ ಚೆಂಡು ಜೊತೆಗಾರರಿಗೆ ಹೋದರೆ ಡಿಫೆಂಡರ್ ಸುಮ್ಮನೆ ಅತ್ತ ಸರಿಯುತ್ತಾರೆ, ಇಬ್ಬರಿರುವ ಲಾಭವೇ ಉಳಿಯುವುದಿಲ್ಲ. ಚೆಂಡು ಇರುವವರು ಡಿಫೆಂಡರ್ ಮೇಲೆಯೇ ನಡೆಸಬೇಕು, ಅವರು ತನ್ನ ಕಡೆ ಕಾಲು ಎತ್ತಿದ ಮೇಲೆ ಪಾಸ್. ಡಿಫೆಂಡರ್ ಬರದೇ ಹಿಂದೆ ಸರಿಯುತ್ತಲೇ ಇದ್ದರೆ? ಪಾಸ್ ಬೇಡ, ನಡೆದುಬಿಡಲಿ. ಇದನ್ನು ಹೇಳದಿದ್ದರೆ "ಪಾಸ್ ಮಾಡಲೇಬೇಕು" ಎಂದುಕೊಂಡು ಖಾಲಿ ದಾರಿ ಬಿಟ್ಟು ಪಾಸ್ ಮಾಡುತ್ತಾರೆ.

ಚೆಂಡು ಇಲ್ಲದವರಿಗೂ ಕೆಲಸವಿದೆ. ಡಿಫೆಂಡರ್ ಬೆನ್ನ ಹಿಂದೆ ಅಡಗಿ ನಿಂತರೆ ಪಾಸ್ ತಲುಪದು. ಅಂಕಣದ ಅಂಚಿಗೆ ಅಗಲವಾಗಿ ಹೋಗಿ, ಚೆಂಡಿಗಿಂತ ಒಂದೆರಡು ಹೆಜ್ಜೆ ಹಿಂದೆ ಇದ್ದು, ಪಾಸ್ ಬಂದಾಗ ಓಟದಲ್ಲೇ ತೆಗೆದುಕೊಳ್ಳಲಿ. ಪಾಸ್ ಕಾಲಿಗೆ ಬೇಡ, ಓಡುತ್ತಿರುವವರ ಮುಂದಿನ ಜಾಗಕ್ಕೆ.

ಒಂಟಿ ಡಿಫೆಂಡರ್‌ಗೆ ಹೇಳುವುದು ಒಂದೇ: ಗೆಲ್ಲಬೇಕೆಂದಿಲ್ಲ, ತಡಮಾಡು. ಪಾಸಿನ ದಾರಿಯಲ್ಲಿ ನಿಂತು ಹಿಂದೆ ಸರಿಯುತ್ತ ಹೋದರೆ ಇಬ್ಬರಲ್ಲೊಬ್ಬರು ಗಾಬರಿಯಾಗುತ್ತಾರೆ. ಕಸಿದರೆ ಮೂರು ಅಂಕ. ನಾಲ್ಕು ಸಲಕ್ಕೆ ಡಿಫೆಂಡರ್ ಬದಲಾಗಲಿ. ಸತತ ಸೋಲುವ ಪಾತ್ರ ಇದು, ಒಬ್ಬರ ಮೇಲೇ ಹೊರಿಸಬೇಡಿ.

## ಹಂತ 5: ಇಬ್ಬರಿಗೆ ಇಬ್ಬರು, ಮಾತನಾಡುವ ರಕ್ಷಣೆ

ಎರಡು ಅಂಕಣ ಸೇರಿಸಿ 8 ಹೆಜ್ಜೆಗೆ 20 ಹೆಜ್ಜೆಯ ಪಟ್ಟಿ ಮಾಡಿಕೊಳ್ಳಿ. ಎರಡೂ ತುದಿಯಲ್ಲಿ ನಡುವೆ ಮೂರು ಹೆಜ್ಜೆ ಅಗಲದ ಗೋಲ್. ಕೀಪರ್ ಇಲ್ಲ. ತನ್ನ ಅರ್ಧದಿಂದ ಹೊಡೆದ ಗೋಲ್ ಲೆಕ್ಕಕ್ಕಿಲ್ಲ.

ಆಟ ಬಿಟ್ಟ ಕೂಡಲೇ ಇಬ್ಬರು ಡಿಫೆಂಡರ್‌ಗಳೂ ಒಂದೇ ಚೆಂಡಿನ ಮೇಲೆ ಹೋಗುತ್ತಾರೆ. ಇದು ತಪ್ಪು ಎಂದು ಹೇಳುವ ಮುನ್ನ ಎರಡು ಗೋಲ್ ಆಗಲು ಬಿಡಿ. ಆಮೇಲೆ ವಿಶಲ್ ಊದಿ, "ನಿಂತಲ್ಲೇ ನಿಲ್ಲಿ" ಎಂದು ಕೇಳಿ: "ಈಗ ಚೆಂಡು ಪಕ್ಕಕ್ಕೆ ಹೋದರೆ ಯಾರಿದ್ದಾರೆ?" ಉತ್ತರ ಅವರ ಬಾಯಿಂದಲೇ ಬರುತ್ತದೆ. ಒಂದು ಆಟಕ್ಕೆ ಇಂಥ ನಿಲುಗಡೆ ಎರಡೇ. ಪ್ರತಿ ತಪ್ಪಿಗೂ ವಿಶಲ್ ಊದಿದರೆ ಆಟ ಪಾಠವಾಗಿಬಿಡುತ್ತದೆ.

ಮೊದಲನೆಯವರು ಚೆಂಡಿನ ಮೇಲೆ. ಮೂರನೇ ಹಂತದಲ್ಲಿ ಕಲಿತದ್ದೆಲ್ಲ ಅವರಿಗೆ. ಎರಡನೆಯವರು ಮೂರು-ನಾಲ್ಕು ಹೆಜ್ಜೆ ಹಿಂದೆ, ಓರೆಯಾಗಿ ಒಳಬದಿಗೆ, ಚೆಂಡು ಮತ್ತು ತನ್ನ ಎದುರಾಳಿ ಇಬ್ಬರೂ ಕಣ್ಣಿಗೆ ಬೀಳುವಂತೆ. ಪಾಸ್ ಹೋದಾಗ ಪಾತ್ರ ಅದಲುಬದಲು. ಇದಕ್ಕೆ ಮಾತು ಬೇಕು, ಅದೂ ಚಿಕ್ಕ ಮಾತು: "ನಂದು!" ಎಂದರೆ ನಾನು ಚೆಂಡಿಗೆ ಹೋಗುತ್ತೇನೆ; "ಹಿಂದಿದೀನಿ!" ಎಂದರೆ ನೀನು ಧೈರ್ಯವಾಗಿ ಹೋಗು, "ಎಡಕ್ ತಳ್ಳು!" ಎಂದರೆ ದಾರಿ ತೋರಿಸುವುದು. ಮಕ್ಕಳ ಮನೆಮಾತು ಉರ್ದುವೋ ತುಳುವೋ ಕೊಂಕಣಿಯೋ ಆಗಿದ್ದರೆ ಅದರಲ್ಲೇ ಇರಲಿ. ತಂಡಕ್ಕೆ ಒಂದೇ ಮಾತು ಗೊತ್ತಿದ್ದರೆ ಸಾಕು. "ನಂದು" ಎಂದು ಕೂಗಿ ಗೆದ್ದ ಚೆಂಡಿಗೆ ಒಂದು ಹೆಚ್ಚಿನ ಅಂಕ ಎಂದು ಘೋಷಿಸಿ ನೋಡಿ, ಮೂಕ ಮೈದಾನ ಸಂತೆಯಾಗುತ್ತದೆ.

ಬೆಂಗಳೂರಿನಲ್ಲಿರುವವರು ಮಕ್ಕಳನ್ನು ಕಂಠೀರವ ಕ್ರೀಡಾಂಗಣಕ್ಕೆ ಬೆಂಗಳೂರು ಎಫ್‌ಸಿ ಮ್ಯಾಚಿಗೆ ಕರೆದೊಯ್ದರೆ ಹತ್ತು ನಿಮಿಷ ಚೆಂಡು ನೋಡದೆ, ಚೆಂಡಿನ ಹತ್ತಿರ *ಇಲ್ಲದ* ಡಿಫೆಂಡರನ್ನೇ ನೋಡಲು ಹೇಳಿ. ಟೀವಿ ಚೆಂಡಿನ ಹಿಂದೆಯೇ ಓಡುತ್ತದೆ, ಆ ಆಟಗಾರರು ಅಲ್ಲಿ ಕಾಣುವುದಿಲ್ಲ.

## ಹಂತ 6: ಮೂವರಿಗೆ ಇಬ್ಬರು, ಕಳೆದುಕೊಂಡ ಮೇಲೆ ಐದು ಸೆಕೆಂಡ್

ಆಯತವನ್ನು ಎರಡು ಪುಟ್ಟ ಮೈದಾನ ಮಾಡಿ. ಒಂದೊಂದರಲ್ಲಿ ಆರು ಮಕ್ಕಳು: ಮೂವರು ದಾಳಿ, ಇಬ್ಬರು ರಕ್ಷಣೆ, ಒಬ್ಬರು ಕೀಪರ್. ಎಂಟು ಜನರಿದ್ದರೆ ನಾಲ್ಕು, ಮೂರು, ಒಂದು. ದಾಳಿಯವರು ಗೋಲ್ ಹೊಡೆದರೆ ಒಂದು ಅಂಕ. ರಕ್ಷಣೆಯವರು ಚೆಂಡು ಕಸಿದರೆ ಐದು ಸೆಕೆಂಡ್‌ನಲ್ಲಿ ಎದುರಿನ ಗೆರೆ ದಾಟಿಸಬೇಕು, ದಾಟಿಸಿದರೆ ಎರಡು.

ಈ ಆಟ ಇರುವುದು ಆ ಐದು ಸೆಕೆಂಡಿಗಾಗಿ. ಚೆಂಡು ಹೋದ ಕೂಡಲೇ ದಾಳಿಯ ಮೂವರಲ್ಲಿ ಹತ್ತಿರದವರು ಅಡ್ಡ ಹೋಗಬೇಕು, ಉಳಿದವರು ಹಿಂದೆ ಓಡಬೇಕು. ಮಕ್ಕಳು ಅದರ ಬದಲು ತಲೆಮೇಲೆ ಕೈಯಿಟ್ಟು "ಅಯ್ಯೋ" ಎನ್ನುತ್ತಾರೆ. ಬೈಯಬೇಡಿ, ಗಟ್ಟಿಯಾಗಿ ಎಣಿಸಿ: ಒಂದು, ಎರಡು, ಮೂರು... ಎಣಿಕೆ ಕೇಳಿದರೆ ಕಾಲು ತಾನಾಗಿ ಓಡುತ್ತದೆ.

## ಹಂತ 7: ನಾಲ್ಕು ಗೋಲಿನ ಆಟ

ಅದೇ ಎರಡು ಮೈದಾನ. 12 ಮಕ್ಕಳಿದ್ದರೆ ಮೂವರಿಗೆ ಮೂವರು, 16 ಇದ್ದರೆ ನಾಲ್ವರಿಗೆ ನಾಲ್ವರು. ನಾಲ್ಕು ಮೂಲೆಗೂ ಎರಡು ಹೆಜ್ಜೆ ಅಗಲದ ಗೋಲ್. ಪ್ರತಿ ತಂಡ ತನ್ನ ತುದಿಯ ಎರಡನ್ನು ಕಾಯಬೇಕು, ಎದುರಿನ ಎರಡರಲ್ಲಿ ಯಾವುದಕ್ಕಾದರೂ ಹೊಡೆಯಬಹುದು. ಕೀಪರ್ ಇಲ್ಲ, ಆಫ್‌ಸೈಡ್ ಇಲ್ಲ. ಚೆಂಡು ಹೊರಹೋದರೆ ಕಾಲಿನಿಂದಲೇ ಒಳಗೆ ನಡೆಸಿಕೊಂಡು ಬರುವುದು.

ಗುಂಪುಗಟ್ಟುವ ಕಾಯಿಲೆಗೆ ಮದ್ದು ಇದೇ. ಒಂದು ಮೂಲೆಯ ಗೋಲಿಗೆ ಎಲ್ಲರೂ ಮುತ್ತಿದರೆ ಇನ್ನೊಂದು ಮೂಲೆ ತೆರೆದು ಬಿದ್ದಿರುತ್ತದೆ, ಯಾರೋ ಒಬ್ಬರಿಗೆ ಅದು ಕಂಡೇ ಕಾಣುತ್ತದೆ. "ಹರಡಿಕೊಳ್ರೋ" ಎಂದು ಗಂಟಲು ಹರಿದುಕೊಳ್ಳುವ ಕೆಲಸವನ್ನು ಆ ಎರಡನೇ ಗೋಲ್ ಮಾಡುತ್ತದೆ. ಗೋಲಿನ ಬಾಯಲ್ಲೇ ಬಂಡೆಯಂತೆ ನಿಲ್ಲುವವರಿದ್ದರೆ ಗೋಲಿನ ಸುತ್ತ ಎರಡು ಹೆಜ್ಜೆ ಗೆರೆ ಎಳೆಯಿರಿ, ಚೆಂಡಿಗಿಂತ ಮೊದಲು ಯಾರೂ ಒಳಗೆ ಇರುವಂತಿಲ್ಲ.

ಇಲ್ಲಿ ನೀವು ಬಾಯಿ ಮುಚ್ಚಿಕೊಂಡಿರಬೇಕು. ಏಳೆಂಟು ನಿಮಿಷದ ಎರಡು ಆಟ, ನಡುವೆ ಒಂದೇ ಒಂದು ಪ್ರಶ್ನೆ. "ಇಷ್ಟು ಕಡಿಮೆ ಜನರ ಆಟವಾ? ಹನ್ನೊಂದು ಜನ ಯಾವಾಗ?" ಎಂದು ಪೋಷಕರು ಕೇಳುವುದಿದೆ. ಭಾರತೀಯ ಫುಟ್‌ಬಾಲ್ ಫೆಡರೇಷನ್ 2018ರಲ್ಲಿ ಶುರುಮಾಡಿದ ಗೋಲ್ಡನ್ ಬೇಬಿ ಲೀಗ್‌ಗಳಲ್ಲೂ ಚಿಕ್ಕ ಮಕ್ಕಳಿಗೆ ಇದ್ದದ್ದು ಚಿಕ್ಕ ಮೈದಾನ, ಕಡಿಮೆ ಜನ ಎಂದು ಹೇಳಿ.

## ಒಂದು ಗಂಟೆಯ ಹಂಚಿಕೆ

ಏಳೂ ಹಂತವನ್ನು ಒಂದೇ ದಿನ ಆಡಿಸಲು ಹೋಗಬೇಡಿ. ಪ್ರತಿ ದಿನ ಕೆರೆ-ದಡ ಮತ್ತು ಬಾಗಿಲಿಗೆ ಹತ್ತು-ಹನ್ನೆರಡು ನಿಮಿಷ, ಆ ವಾರದ ಹಂತಕ್ಕೆ ಇಪ್ಪತ್ತೈದು, ಕೊನೆಗೆ ನಾಲ್ಕು ಗೋಲಿನ ಆಟಕ್ಕೆ ಹದಿನೈದು. ಉಳಿದದ್ದು ನೀರಿಗೆ. ಕೊನೆಯ ಆಟವನ್ನು ಯಾವ ಕಾರಣಕ್ಕೂ ಕತ್ತರಿಸಬೇಡಿ, ಮಕ್ಕಳು ಬಂದಿರುವುದೇ ಅದಕ್ಕೆ. ಮುಂದಿನ ಹಂತಕ್ಕೆ ಹೋಗುವ ಅಳತೆ ಹೀಗೆ: ದಾಳಿ ಮತ್ತು ರಕ್ಷಣೆ ಹತ್ತರಲ್ಲಿ ನಾಲ್ಕರಿಂದ ಆರು ಸಲ ಗೆಲ್ಲುತ್ತಿರಬೇಕು. ಒಂದು ಕಡೆಯವರೇ ಎಂಟು ಸಲ ಗೆದ್ದರೆ ಅಂಕಣದ ಅಗಲ ಬದಲಿಸಿ. ಅಗಲ ಹೆಚ್ಚಿದರೆ ದಾಳಿಗೆ ಲಾಭ, ಕಡಿಮೆಯಾದರೆ ರಕ್ಷಣೆಗೆ.

## ಆಟ ಕೆಡಿಸುವ ಅಭ್ಯಾಸಗಳು

ಸಾಲು ನಿಲ್ಲಿಸುವುದು ಮೊದಲನೆಯದು. ಒಂದು ಗೋಲಿನ ಮುಂದೆ ಹನ್ನೆರಡು ಮಕ್ಕಳು ಸಾಲಾಗಿ ನಿಂತು ಒಬ್ಬೊಬ್ಬರೇ ಒದೆಯುತ್ತಿದ್ದರೆ ಹನ್ನೊಂದು ಮಕ್ಕಳು ಕಾಯುತ್ತಿದ್ದಾರೆ ಎಂದರ್ಥ. ಮೂವರಿಗಿಂತ ಉದ್ದದ ಸಾಲು ಕಂಡರೆ ಇನ್ನೊಂದು ಅಂಕಣ ತೆರೆಯಿರಿ.

ಇಬ್ಬರು ಕ್ಯಾಪ್ಟನ್‌ಗಳು ಸರದಿಯಲ್ಲಿ ಆರಿಸುವ ಪದ್ಧತಿ ಬಿಡಿ. ಕೊನೆಗೆ ಉಳಿಯುವ ಮಗು ಯಾವಾಗಲೂ ಒಂದೇ. ಬಿಬ್ ನೀವೇ ಹಂಚಿ. ಸೋತವರಿಗೆ ಮೈದಾನ ಸುತ್ತುವ ಶಿಕ್ಷೆಯೂ ಬೇಡ, ಓಟ ಎಂದರೆ ಶಿಕ್ಷೆ ಎಂದು ಕಲಿಸಿದಂತಾಗುತ್ತದೆ. ಇನ್ನು ಅಂಚಿನಲ್ಲಿ ನಿಂತು "ಒದಿಯೋ, ಒದಿಯೋ!" ಎನ್ನುವ ಪೋಷಕರು. ಅವರಿಗೆ ನೀರಿನ ಉಸ್ತುವಾರಿಯೋ ಎಣಿಸುವ ಕೆಲಸವೋ ಕೊಟ್ಟುಬಿಡಿ, ಕೈಗೆ ಕೆಲಸ ಬಂದರೆ ಬಾಯಿ ತಾನಾಗಿ ತಗ್ಗುತ್ತದೆ.

## ಆಟ ನಿಲ್ಲಿಸಲೇಬೇಕಾದ ಸಂದರ್ಭಗಳು

ತಲೆಗೆ ಪೆಟ್ಟು. ತಲೆಸುತ್ತು, ವಾಂತಿ, ಮಂಕು, ಕೇಳಿದ್ದಕ್ಕೆ ತಡವಾಗಿ ಉತ್ತರ, ಇವುಗಳಲ್ಲಿ ಒಂದು ಕಂಡರೂ ಆ ಮಗುವಿಗೆ ಅಂದಿನ ಆಟ ಮುಗಿಯಿತು. "ಈಗ ಸರಿಯಿದೆ ಸರ್" ಎಂದರೂ ಒಳಗೆ ಬಿಡಬೇಡಿ, ವೈದ್ಯರಿಗೆ ತೋರಿಸಿ. ತಲೆಯಿಂದ ಹೊಡೆಯುವ ಅಭ್ಯಾಸವನ್ನು ಈ ವಯಸ್ಸಿನಲ್ಲಿ ಮಾಡಿಸಲೇಬೇಡಿ. ಇಂಗ್ಲೆಂಡ್, ಸ್ಕಾಟ್ಲೆಂಡ್ ಮತ್ತು ಉತ್ತರ ಐರ್ಲೆಂಡಿನ ಫುಟ್‌ಬಾಲ್ ಸಂಸ್ಥೆಗಳು 2020ರ ಫೆಬ್ರುವರಿಯಲ್ಲೇ ಪ್ರಾಥಮಿಕ ಶಾಲಾ ವಯಸ್ಸಿನ ಮಕ್ಕಳ ತರಬೇತಿಯಿಂದ ಅದನ್ನು ತೆಗೆಯಲು ಸೂಚಿಸಿವೆ.

ಬಿಸಿಲು. ಮಾರ್ಚ್-ಏಪ್ರಿಲ್‌ನಲ್ಲಿ, ಅದರಲ್ಲೂ ಕಲಬುರಗಿ, ರಾಯಚೂರು, ಬಳ್ಳಾರಿ ಕಡೆ, ಬೆಳಿಗ್ಗೆ ಬೇಗ ಇಲ್ಲವೇ ಸಂಜೆ ತಡವಾಗಿ ಆಡಿಸಿ. ಹದಿನೈದು ನಿಮಿಷಕ್ಕೊಮ್ಮೆ ನೀರು. ತಲೆನೋವು, ಹೊಟ್ಟೆ ತೊಳಸು, ಸ್ನಾಯು ಹಿಡಿತ ಎಂದರೆ ನೆರಳಿಗೆ ಕರೆದೊಯ್ದು ಒದ್ದೆ ಬಟ್ಟೆ ಹಾಕಿ. ಮಾತು ತೊದಲಿದರೆ, ಗೊಂದಲವಾದಂತೆ ಕಂಡರೆ ಮೈಗೆ ತಣ್ಣೀರು ಸುರಿಯುತ್ತಲೇ 108ಕ್ಕೆ ಕರೆ ಮಾಡಿಸಿ.

ಸಿಡಿಲು. ಗುಡುಗು ಕೇಳಿದ ಕೂಡಲೇ ಎಲ್ಲರೂ ಕಟ್ಟಡದ ಒಳಗೆ, ಮರದಡಿ ಅಲ್ಲ. ಕೊನೆಯ ಗುಡುಗಿನಿಂದ ಅರ್ಧ ಗಂಟೆ ಕಾಯಿರಿ. ಮುಂಗಾರಿಗೆ ಮುಂಚಿನ ಸಂಜೆ ಮಳೆಗಳಲ್ಲಿ ಇದು ಮರೆಯುವ ಮಾತಲ್ಲ.

ಗೋಲ್ ಕಂಬ. ಎತ್ತಿ ಒಯ್ಯುವಂಥ ಕಬ್ಬಿಣದ ಗೋಲ್ ಇದ್ದರೆ ನೆಲಕ್ಕೆ ಬಿಗಿದಿದೆಯೇ ಎಂದು ಪ್ರತಿ ದಿನ ಅಲ್ಲಾಡಿಸಿ ನೋಡಿ. ಮಕ್ಕಳು ಜೋತುಬಿದ್ದು ಅದು ಮಗುಚಿದರೆ ಜೀವಕ್ಕೇ ಅಪಾಯ. ಬಿಗಿದಿಲ್ಲವೇ, ಆ ದಿನ ಬಾಟಲಿ ಗೋಲೇ ಸಾಕು.

ಹಿಮ್ಮಡಿ, ಮೊಣಕಾಲು. ಹಿಮ್ಮಡಿಯಲ್ಲಿ ಅಥವಾ ಮೊಣಕಾಲ ಚಿಪ್ಪಿನ ಕೆಳಗಿನ ಮೂಳೆಯಲ್ಲಿ ನೋವು ಎಂದು ಮಗು ಪದೇ ಪದೇ ಹೇಳಿದರೆ ಸೋಮಾರಿತನ ಎಂದುಕೊಳ್ಳಬೇಡಿ. ಬೆಳೆಯುವ ಮೂಳೆಗೆ ಹೊರೆ ಹೆಚ್ಚಾದಾಗ ಹೀಗಾಗುತ್ತದೆ. ಕುಂಟುತ್ತಿದ್ದರೆ ಆಟ ನಿಲ್ಲಿಸಿ, ಡಾಕ್ಟರ್ ಹತ್ತಿರ ಕಳುಹಿಸಿ.

## ಸಂಖ್ಯೆ ಹೊಂದದ ದಿನ

ಹನ್ನೊಂದು ಮಕ್ಕಳು ಬಂದರು, ಹದಿಮೂರು ಬಂದರು. ದಿನ ಬಿಟ್ಟು ದಿನ ಹೀಗೇ. ಹೆಚ್ಚಾದವರನ್ನು ಹೊರಗೆ ಕೂರಿಸುವ ಬದಲು ಮೂರನೇ ಬಣ್ಣದ ಬಿಬ್ ಕೊಡಿ. ಅವರು ಜೋಕರ್: ಯಾವ ತಂಡದ ಹತ್ತಿರ ಚೆಂಡಿದೆಯೋ ಆ ತಂಡದವರು. ಚೆಂಡು ಕೈಬದಲಾದ ಕೂಡಲೇ ಅವರೂ ಬದಲು. ಜೋಕರ್ ಗೋಲ್ ಹೊಡೆಯುವಂತಿಲ್ಲ, ಪಾಸ್ ಮಾತ್ರ. ಎರಡನೇ ಮತ್ತು ಮೂರನೇ ಹಂತಗಳಲ್ಲಿ ಇದು ಬೇಡ, ಅಲ್ಲಿ ಒಂದು ಅಂಕಣಕ್ಕೆ ಮೂವರನ್ನು ಹಾಕಿ ಸರದಿ ಮಾಡಿ. ಐದರಿಂದ ಏಳನೇ ಹಂತದವರೆಗೆ ಚೆನ್ನಾಗಿ ಹೊಂದುತ್ತದೆ. ಜೋಕರ್ ಪಾತ್ರಕ್ಕೆ ಮೊದಲು ಕಳುಹಿಸಬೇಕಾದವರು ಗುಂಪಿನಲ್ಲಿ ಅತಿ ಕಡಿಮೆ ಚೆಂಡು ಮುಟ್ಟುವ ಮಗು. ಹತ್ತು ನಿಮಿಷ ಪಾಸ್‌ಗಳೆಲ್ಲ ಅವರನ್ನು ಹುಡುಕಿಕೊಂಡು ಬರುತ್ತವೆ.